ಯಾರು ಬರಬೇಕು ನಿಮ್ಮ ಹೂದೋಟಕ್ಕೆ?

ಮಳೆಗಾಲ ಶುರುವಾಯಿತೆಂದರೆ ನರ್ಸರಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರಿನ ಸಿದ್ದಾಪುರದ ಕಡೆ ಹೋದರೆ ಪಾಟುಗಳು ರಸ್ತೆಯಂಚಿಗೂ ಬಂದು ಕುಳಿತಿರುತ್ತವೆ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಜಾಸ್ತಿ ಹೂ ಬಿಡೋ ಗಿಡ ಯಾವುದಪ್ಪಾ?" ಕೆಂಪು ಬೇಕಾ, ಹಳದಿ ಬೇಕಾ ಎಂದು ಒಂದಿಷ್ಟು ಚರ್ಚೆ, ಆಮೇಲೆ ಚೌಕಾಸಿ, ಕೊನೆಗೆ ಗಿಡ ಆಟೋ ಹತ್ತುತ್ತದೆ.

ಮಕ್ಕಳೇ, ಮುಂದಿನ ಸಲ ನೀವೂ ಜೊತೆಗೆ ಹೋಗಿ. ಹೋಗಿ ಬೇರೊಂದು ಪ್ರಶ್ನೆ ಕೇಳಿ: "ಈ ಹೂವಿಗೆ ಯಾರ್‍ಯಾರು ಬರ್ತಾರೆ?" ನರ್ಸರಿಯವರು ಒಂದು ಗಳಿಗೆ ನಿಮ್ಮ ಮುಖ ನೋಡಬಹುದು. ನೋಡಲಿ ಬಿಡಿ, ಪ್ರಶ್ನೆ ಸರಿಯಾಗಿಯೇ ಇದೆ.

ಗಿಡ ಹೂ ಬಿಡುವುದು ದೇವರ ಪಟಕ್ಕೂ ಅಲ್ಲ, ನಮ್ಮ ಜಡೆಗೂ ಅಲ್ಲ. ಅದಕ್ಕೆ ಬೀಜ ಆಗಬೇಕು. ಬೀಜ ಆಗಬೇಕಾದರೆ ಒಂದು ಹೂವಿನ ಪರಾಗ ಇನ್ನೊಂದು ಹೂವಿನ ನಡುವಿನ ಕಡ್ಡಿಯ, ಅಂದರೆ ಶಲಾಕೆಯ, ತುದಿಗೆ ತಲುಪಬೇಕು. ಗಿಡಕ್ಕೋ ಕಾಲಿಲ್ಲ. ಹಾಗಾಗಿ ಯಾರನ್ನಾದರೂ ಕರೆದು, ಹೊಟ್ಟೆಗೆ ಹಾಕಿ, ಮೈಗೆ ಪರಾಗ ಮೆತ್ತಿ ಕಳಿಸುತ್ತದೆ. ಹೂವಿನ ಬಣ್ಣ, ಪರಿಮಳ, ಆಕಾರ, ಅರಳುವ ಹೊತ್ತು ಎಲ್ಲವೂ ಆ ಅತಿಥಿಗೆ ಒಗ್ಗುವಂತೆ ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡವು. ಅತಿಥಿ ಯಾರೆಂದು ಮೊದಲು ಗೊತ್ತುಮಾಡಿಕೊಂಡರೆ ಗಿಡ ಆರಿಸುವ ಅರ್ಧ ಕೆಲಸ ಮುಗಿದ ಹಾಗೆ.

ನಿಮಗೆ ಜೇನು ಬರಬೇಕೆ? ಹಾಗಾದರೆ ಕೆಂಪು ಹೂವನ್ನು ಸ್ವಲ್ಪ ಬದಿಗಿಡಿ. ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಒಂದು ಚೆಂದದ ಪರೀಕ್ಷೆ ಮಾಡಿದರು. ಮೇಜಿನ ಮೇಲೆ ಬೂದು ಬಣ್ಣದ ಚೌಕಗಳನ್ನು ಜೋಡಿಸಿದರು. ಕೆಲವು ತಿಳಿ ಬೂದು, ಕೆಲವು ಗಾಢ. ನಡುವೆ ಒಂದೇ ಒಂದು ನೀಲಿ ಚೌಕ. ಸಕ್ಕರೆ ನೀರಿನ ಬಟ್ಟಲನ್ನು ನೀಲಿಯ ಮೇಲೆ ಇಟ್ಟರು. ಜೇನ್ನೊಣಗಳು ಅಲ್ಲಿಗೆ ಬಂದು ರೂಢಿಯಾದ ಮೇಲೆ ಬಟ್ಟಲು ಖಾಲಿ ಮಾಡಿದರು, ಚೌಕದ ಜಾಗವನ್ನೂ ಬದಲಿಸಿದರು. ಆದರೂ ನೊಣಗಳು ಹುಡುಕಿಕೊಂಡು ಹೋದದ್ದು ನೀಲಿಗೇ. ಬೂದು ಚೌಕಗಳಿಂದ ಅದನ್ನು ಬೇರೆ ಮಾಡಿ ಗುರುತಿಸಿದವೆಂದರೆ ಜೇನಿಗೆ ಬಣ್ಣ ಕಾಣುತ್ತದೆ ಎಂದಾಯಿತು. ಇದೇ ಪರೀಕ್ಷೆಯನ್ನು ಕೆಂಪು ಚೌಕ ಇಟ್ಟು ಮಾಡಿದಾಗ ನೊಣಗಳು ಗೊಂದಲಕ್ಕೆ ಬಿದ್ದವು. ಕಪ್ಪು ಚೌಕಕ್ಕೂ ಹೋದವು, ಕೆಂಪಿಗೂ ಹೋದವು. ಜೇನಿನ ಕಣ್ಣಿಗೆ ಕೆಂಪೆಂದರೆ ಕತ್ತಲೆಯ ಹಾಗೆ. ಅದರ ಬದಲು ನಮಗೆ ಕಾಣದ ನೇರಳಾತೀತ ಬೆಳಕು ಅದಕ್ಕೆ ಕಾಣುತ್ತದೆ. ನಮಗೆ ಬರೀ ಹಳದಿಯಾಗಿ ತೋರುವ ಎಷ್ಟೋ ಹೂಗಳ ನಡುವೆ ಜೇನಿಗೆ ಒಂದು ಗಾಢವಾದ ವೃತ್ತ ಕಾಣಿಸುತ್ತದೆ, ಮಕರಂದ ಇಲ್ಲೇ ಇದೆ ಬಾ ಎಂದು ದಾರಿ ತೋರಿಸುವಂತೆ. ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಪರೀಕ್ಷೆಗೆ ಬೇಕಾದ ಸಾಮಾನೆಲ್ಲ ನಿಮ್ಮ ಮನೆಯಲ್ಲೂ ಇದೆ. ಬಣ್ಣದ ಕಾಗದ, ಬಟ್ಟಲು, ಸಕ್ಕರೆ. ಬೇಕಾದದ್ದು ತಾಳ್ಮೆ ಮಾತ್ರ. ಪರೀಕ್ಷೆ ಮಾಡುವುದಾದರೆ ಹತ್ತಿರದಲ್ಲಿ ಹೆಜ್ಜೇನಿನ ಗೂಡು ಇಲ್ಲವೆಂದು ದೊಡ್ಡವರಿಂದ ಖಚಿತ ಮಾಡಿಕೊಳ್ಳಿ.

ಜೇನಿಗಾಗಿ ನೆಡುವುದಾದರೆ ತುಳಸಿ, ಶಂಖಪುಷ್ಪ, ಸೂರ್ಯಕಾಂತಿ ಒಳ್ಳೆಯವು. ತುಳಸಿಯ ತೆನೆಯ ಹೂ ಎಷ್ಟು ಚಿಕ್ಕದೆಂದರೆ ಅದನ್ನು ಹೂವೆಂದು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಕಟ್ಟೆಯ ಬಳಿ ನಿಂತು ನೋಡಿ, ತುಡುವೆ ಜೇನು ಒಂದೊಂದೇ ಹೂವಿಗೆ ತಲೆ ತೂರಿಸುತ್ತಾ ಹೋಗುವುದು ಕಾಣುತ್ತದೆ.

ಕೆಂಪು ಹೂ ಹಾಗಾದರೆ ಯಾರಿಗೆ? ಹಕ್ಕಿಗೆ. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ, ಆದರೆ ಹೂ ಹುಡುಕಲು ಅದು ಮೂಗನ್ನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಹಕ್ಕಿಯನ್ನು ನಂಬಿದ ಹೂಗಳು ಬಣ್ಣಕ್ಕೆ ಖರ್ಚು ಮಾಡುತ್ತವೆ, ಪರಿಮಳಕ್ಕೆ ಮಾಡುವುದಿಲ್ಲ. ಕೆಂಪು ದಾಸವಾಳವನ್ನು ಮೂಸಿ ನೋಡಿ, ಏನೂ ಇಲ್ಲ. ಇನ್ನೊಂದು ಸಲ ಮೂಸಿದರೂ ಏನೂ ಇಲ್ಲ.

ಆ ದಾಸವಾಳವನ್ನೇ ಕೈಯಲ್ಲಿ ಹಿಡಿದು ನಿಧಾನವಾಗಿ ಗಮನಿಸಿ. ನಡುವಿನಿಂದ ಉದ್ದನೆಯ ಕಡ್ಡಿಯೊಂದು ಹೊರಗೆ ಚಾಚಿದೆ. ಅದರ ಮೇಲ್ಭಾಗದ ಸುತ್ತ ಹಳದಿ ಪುಡಿ ಹೊತ್ತ ಸಣ್ಣ ಸಣ್ಣ ಎಳೆಗಳು, ಅವು ಕೇಸರಗಳು. ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡುಗಳು, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗೆ. ಪರಾಗ ಬಂದು ಕೂರಬೇಕಾದದ್ದು ಇಲ್ಲಿ. ಮಕರಂದ ಇರುವುದು ಮಾತ್ರ ಎಸಳುಗಳ ಬುಡದಲ್ಲಿ, ಒಳಗೆ. ಸೂರಕ್ಕಿ ತನ್ನ ಬಾಗಿದ ಕೊಕ್ಕನ್ನು ಬುಡದವರೆಗೆ ತೂರಿಸಬೇಕಾದರೆ ಅದರ ತಲೆಯೋ ಎದೆಯೋ ಈ ಹಳದಿ ಪುಡಿಗೆ ಉಜ್ಜಲೇಬೇಕು. ಲೆಕ್ಕಾಚಾರ ಪಕ್ಕಾ ಇದೆ. ಆದರೆ ಸೂರಕ್ಕಿಯೂ ಕಿಲಾಡಿ. ಎಷ್ಟೋ ಸಲ ಅದು ಮುಂಬಾಗಿಲಿಗೆ ಬರುವುದೇ ಇಲ್ಲ. ಹೂವಿನ ಹಿಂದೆ, ತೊಟ್ಟಿನ ಬಳಿ ಕುಳಿತು, ಬುಡಕ್ಕೆ ತೂತು ಕೊರೆದು ಮಕರಂದ ಹೀರಿ ಹಾರಿಹೋಗುತ್ತದೆ. ಪರಾಗ ಅಲ್ಲೇ ಉಳಿಯುತ್ತದೆ. ನಿಮ್ಮ ಮನೆಯ ದಾಸವಾಳದ ಬುಡದಲ್ಲಿ ಸೂಜಿ ಚುಚ್ಚಿದಂಥ ಗುರುತು ಇದೆಯೇ ನೋಡಿ. ಇದ್ದರೆ ಕಳ್ಳ ಬಂದು ಹೋಗಿದ್ದಾನೆ.

ಇನ್ನು ಬಿಳಿ ಹೂಗಳ ಸಂಗತಿ. ಮಲ್ಲಿಗೆ, ಪಾರಿಜಾತ, ರಾತ್ರಿರಾಣಿ, ಆಕಾಶಮಲ್ಲಿಗೆ, ಬ್ರಹ್ಮಕಮಲ ಇವನ್ನೆಲ್ಲ ಸಾಲಾಗಿ ನೆನಪಿಸಿಕೊಳ್ಳಿ. ಎಲ್ಲವೂ ಬಿಳಿ ಅಥವಾ ಬಿಳಿಗೆ ಹತ್ತಿರ, ಎಲ್ಲದಕ್ಕೂ ಜೋರು ಪರಿಮಳ, ಎಲ್ಲವೂ ಅರಳುವುದು ಸಂಜೆಯ ಮೇಲೆ. ಇದು ಕಾಕತಾಳೀಯವಲ್ಲ. ಇವುಗಳ ಅತಿಥಿ ರಾತ್ರಿ ಓಡಾಡುವ ಪತಂಗ. ಕತ್ತಲಲ್ಲಿ ಕೆಂಪೂ ನೀಲಿಯೂ ಒಂದೇ. ಚೂರು ಬೆಳಕಿದ್ದರೂ ಕಾಣುವುದು ಬಿಳಿ. ಬೆಳಕೇ ಇಲ್ಲದಿದ್ದರೆ ದಾರಿ ತೋರಿಸುವುದು ಪರಿಮಳ. ಪಾರಿಜಾತ ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರಿಬಿಡುತ್ತದೆ. ಅದರ ಕಿತ್ತಳೆ ಬಣ್ಣದ ತೊಟ್ಟಿದೆಯಲ್ಲ, ಅದು ಕೊಳವೆ. ಮಕರಂದ ಇರುವುದು ಅದರ ತಳದಲ್ಲಿ, ಎಟುಕುವುದು ಉದ್ದ ನಾಲಿಗೆಯ ಪತಂಗಕ್ಕೆ. ಬಿದ್ದ ಹೂಗಳ ತೊಟ್ಟನ್ನಷ್ಟೇ ಬಿಡಿಸಿ ಬಿಸಿನೀರಿಗೆ ಹಾಕಿ ನೋಡಿ, ನೀರು ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಬಟ್ಟೆಗೆ ಈ ಬಣ್ಣ ಹಾಕುತ್ತಿದ್ದರು.

ದೇವಕಣಗಿಲೆಯದು ಮಾತ್ರ ಶುದ್ಧ ಮೋಸ. ಬಿಳಿ ಎಸಳು, ನಡುವೆ ಹಳದಿ, ರಾತ್ರಿ ಹೊತ್ತು ಘಮಘಮ. ಪತಂಗ ಆಸೆಯಿಂದ ಬಂದು ನಾಲಿಗೆ ಇಳಿಸಿದರೆ ಒಳಗೆ ಒಂದು ಹನಿ ಮಕರಂದವೂ ಇಲ್ಲ! ಒಂದು ಹೂ, ಎರಡು ಹೂ ಎಂದು ಹುಡುಕುವಷ್ಟರಲ್ಲಿ ಪರಾಗ ಸಾಗಿಸುವ ಕೆಲಸ ಆಗಿಹೋಗಿರುತ್ತದೆ. ಮರವೇನೋ ಚೆಂದ, ಚಿಕ್ಕ ಅಂಗಳಕ್ಕೂ ಹೊಂದುತ್ತದೆ. ಆದರೆ ತೋಟದಲ್ಲಿ ಇರುವುದೆಲ್ಲ ಅದೊಂದೇ ಆದರೆ ಬಂದವರಿಗೆ ಉಪವಾಸ.

ಉಪವಾಸ ಕೆಡವುವ ಇನ್ನೂ ಒಂದು ಬಗೆ ಇದೆ, ಅದನ್ನು ಮಾಡಿದ್ದು ನಾವು. ನರ್ಸರಿಯಲ್ಲಿ ಎಸಳಿನ ಮೇಲೆ ಎಸಳು ತುಂಬಿದ ಮುದ್ದೆ ದಾಸವಾಳ, ಸುತ್ತು ನಂದಿಬಟ್ಟಲು ಮಾರುತ್ತಾರೆ. ನೋಡಿದವರು ಅದನ್ನೇ ಬಯಸುತ್ತಾರೆ. ಈ ಹೆಚ್ಚಿನ ಎಸಳುಗಳು ಎಲ್ಲಿಂದ ಬಂದವು? ಬಹಳಷ್ಟು ಗಿಡಗಳಲ್ಲಿ ಕೇಸರ ಆಗಬೇಕಾಗಿದ್ದ ಭಾಗವೇ ಎಸಳಾಗಿ ಬದಲಾಗಿರುತ್ತದೆ. ಅಂದರೆ ಪರಾಗ ಕಡಿಮೆ, ಕೆಲವು ಸಲ ಇಲ್ಲವೇ ಇಲ್ಲ. ಮಕರಂದ ಇದ್ದರೂ ಎಸಳುಗಳ ಗೊಂಚಲು ದಾಟಿ ಒಳಹೋಗಲು ನೊಣಕ್ಕೆ ದಾರಿ ಸಿಗುವುದಿಲ್ಲ. ಮುದ್ದೆ ದಾಸವಾಳ ಒಂದನ್ನು ಬಿಡಿಸಿ ನೋಡಿ, ಅರ್ಧ ಕೇಸರ ಅರ್ಧ ಎಸಳಾಗಿ ಎರಡಕ್ಕೂ ಸಲ್ಲದ ಚೂರುಗಳು ಸಿಗುತ್ತವೆ. ನನ್ನನ್ನು ಕೇಳಿದರೆ ಐದೆಸಳಿನ ಒಂಟಿ ದಾಸವಾಳದಷ್ಟು ಚೆಲುವು ಮುದ್ದೆಗೆ ಇಲ್ಲ. ಅಜ್ಜಿ ಮುದ್ದೆಯೇ ಬೇಕೆಂದರೆ ಒಂದು ಅದು, ಒಂದು ಇದು ತನ್ನಿ. ಮನೆಯಲ್ಲಿ ಜಗಳ ಬೇಡ.

ಚಿಟ್ಟೆ ಬೇಕೆನ್ನುವವರಿಗೆ ಒಂದು ಕಿವಿಮಾತು. ಚಿಟ್ಟೆ ಹೂವಿಗೆ ಬರುವುದು ಊಟಕ್ಕೆ. ಮೊಟ್ಟೆ ಇಡಲು ಅದು ಹುಡುಕುವುದು ಎಲೆಯನ್ನು. ಅದೂ ಯಾವ ಎಲೆಯೋ ಅಲ್ಲ, ತನ್ನ ಮರಿಗೆ ಒಗ್ಗುವ ಎಲೆಯನ್ನೇ. ಹಾಗಾಗಿ ಹೂದೋಟದ ಮೂಲೆಯಲ್ಲಿ ಒಂದು ಕರಿಬೇವಿನ ಗಿಡ ಇರಲಿ, ಅಥವಾ ನಿಂಬೆ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ, ಲೈಮ್ ಚಿಟ್ಟೆ ಎರಡೂ ಅಲ್ಲಿ ಮೊಟ್ಟೆ ಇಡುತ್ತವೆ. ಮೊದಮೊದಲು ಮರಿಹುಳು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಾನೇ ತಿನ್ನುತ್ತದೆ? ದೊಡ್ಡದಾದ ಮೇಲೆ ಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ, ಕಟುವಾದ ವಾಸನೆ ಬಿಟ್ಟು ನಿಮ್ಮನ್ನೇ ಹೆದರಿಸುತ್ತದೆ.

ನಂದಿಬಟ್ಟಲಲ್ಲಿ ಇನ್ನೂ ದೊಡ್ಡ ಆಸಾಮಿ ಸಿಗಬಹುದು. ಒಂದು ದಿನ ಕೊಂಬೆಯ ತುದಿಯ ಎಲೆಗಳೆಲ್ಲ ಮಾಯವಾಗಿರುತ್ತವೆ, ನೆಲದ ಮೇಲೆ ಕರಿಮೆಣಸಿನಷ್ಟು ದೊಡ್ಡ ಹಿಕ್ಕೆಯ ಕಾಳುಗಳು. ಮೇಲೆ ಹುಡುಕಿದರೆ ಹೆಬ್ಬೆರಳಿಗಿಂತ ಉದ್ದದ ಹಸಿರು ಹುಳು, ತಲೆಯ ಹತ್ತಿರ ಎರಡು ನೀಲಿ-ಬಿಳಿ ಕಣ್ಣುಗಳು. ಅವು ನಿಜವಾದ ಕಣ್ಣಲ್ಲ, ಬರೀ ಚಿತ್ತಾರ. ಹೆದರಿದಾಗ ತಲೆ ಬಗ್ಗಿಸಿ ಆ ಕಣ್ಣುಗಳನ್ನು ಉಬ್ಬಿಸಿ ತೋರಿಸುತ್ತದೆ. ಇದು ಒಲಿಯಾಂಡರ್ ಹಾಕ್ ಪತಂಗದ ಮರಿ. ಕಣಗಿಲೆಯ ವಿಷದ ಎಲೆಯೂ ಇದಕ್ಕೆ ಜೀರ್ಣವಾಗುತ್ತದೆ. ಕೆಲವು ದಿನ ಬಿಟ್ಟುಬಿಡಿ. ಅದು ಮಣ್ಣಿನ ಬಳಿ ಇಳಿದು ಕೋಶವಾಗುತ್ತದೆ, ಹಸಿರು-ಗುಲಾಬಿ ರೆಕ್ಕೆಯ ಪತಂಗವಾಗಿ ಹೊರಬರುತ್ತದೆ. ಗಿಡ ಮತ್ತೆ ಚಿಗುರುತ್ತದೆ. ಎಲೆ ಕಚ್ಚಿದ್ದು ಕಂಡ ಕೂಡಲೇ ಔಷಧಿ ಹೊಡೆಯುವ ಮನೆಗೆ ಚಿಟ್ಟೆ ಬರುವುದಿಲ್ಲ, ಬರಲು ಕಾರಣವೂ ಇಲ್ಲ.

ಅತಿಥಿಯಾಯಿತು. ಈಗ ಜಾಗ. ನೆಡುವ ಮುಂಚೆ ನಿಮ್ಮ ಅಂಗಳದಲ್ಲಿ ಬಿಸಿಲು ಎಲ್ಲಿ ಬೀಳುತ್ತದೆಂದು ಗೊತ್ತಿರಬೇಕು. "ಅದೇನು, ಕಣ್ಣಿಗೆ ಕಾಣುತ್ತಲ್ಲ" ಎನ್ನಬೇಡಿ. ಬಿಸಿಲು ವರ್ಷವಿಡೀ ಒಂದೇ ಕಡೆ ಬೀಳುವುದಿಲ್ಲ.

ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರಿನಲ್ಲಿ ಆಗ 10 ಅಡಿ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನವೂ ಉತ್ತರದ ಕಡೆಗೆ ಸುಮಾರು 7 ಅಡಿ ಚಾಚಿಕೊಳ್ಳುತ್ತದೆ. ಮನೆಯ ಉತ್ತರ ಭಾಗದ ಕಿರಿದಾದ ಜಾಗಕ್ಕೆ ಚಳಿಗಾಲದುದ್ದಕ್ಕೂ ಬಿಸಿಲೇ ಇಲ್ಲ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಬರುತ್ತಾನೆ. ಆ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಯಲ್ಲಿ ಕೇಳಿರಬಹುದು. ಬೀದರಿನವರಿಗೆ ಇದು ಮೇ ಎರಡನೇ ವಾರದಲ್ಲಿ ಬರುತ್ತದೆ, ಏಕೆಂದರೆ ಬೀದರ್ ಇನ್ನೂ ಉತ್ತರದಲ್ಲಿದೆ. ನೆತ್ತಿ ದಾಟಿದ ಮೇಲೆ ಸೂರ್ಯ ನಮ್ಮ ಉತ್ತರಕ್ಕೆ ಹೋಗುತ್ತಾನೆ, ಮನೆಯ ಉತ್ತರ ಗೋಡೆಗೂ ಬಿಸಿಲು ತಾಗುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ಬೆಂಗಳೂರಿನ ನೆತ್ತಿಯ ಮೇಲೆ ಬಂದು, ಮತ್ತೆ ದಕ್ಷಿಣಕ್ಕೆ ಹೊರಡುತ್ತಾನೆ. ಜೂನ್ ತಿಂಗಳಲ್ಲಿ ನೋಡಿ "ಒಳ್ಳೆ ಬಿಸಿಲಿದೆ" ಎಂದು ಉತ್ತರದಲ್ಲಿ ಗುಲಾಬಿ ನೆಟ್ಟವರು ಡಿಸೆಂಬರಿನಲ್ಲಿ ಗಿಡಕ್ಕೆ ಏನೋ ರೋಗ ಬಂತೆಂದು ಗೊಬ್ಬರ ಸುರಿಯುತ್ತಾರೆ. ಗಿಡಕ್ಕೆ ರೋಗ ಇಲ್ಲ, ಬೆಳಕಿಲ್ಲ.

ಹೂ ಎಂದರೆ ಗಿಡಕ್ಕೆ ದುಬಾರಿ ಖರ್ಚು. ಎಲೆ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತದೆ, ಹೂ ಆ ಸಕ್ಕರೆಯನ್ನು ಕರಗಿಸುತ್ತದೆ. ಸಂಪಾದನೆ ಕಡಿಮೆಯಾದಾಗ ಗಿಡ ಮೊದಲು ಕೈಬಿಡುವುದು ಹೂವನ್ನೇ. ಗುಲಾಬಿ, ದಾಸವಾಳ, ಮಲ್ಲಿಗೆ, ಬೋಗನ್‌ವಿಲ್ಲಾಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅರೆ ನೆರಳಿಗೆ ಕನಕಾಂಬರ, ನಂದಿಬಟ್ಟಲು, ಗೌರಿಹೂ ಇವೆ. ಬೋಗನ್‌ವಿಲ್ಲಾ ಎಂದಾಗ ಒಂದು ಮಾತು: ಅದರ ಬಣ್ಣದ ಕಾಗದದಂಥ ಭಾಗ ಹೂವಲ್ಲ, ಎಲೆ. ಮೂರು ಬಣ್ಣದೆಲೆಗಳ ನಡುವೆ ಕೆನೆಬಿಳಿ ಕೊಳವೆಗಳು ಕಾಣುತ್ತವಲ್ಲ, ಅವೇ ನಿಜವಾದ ಹೂಗಳು. ಇದಕ್ಕೆ ನೀರು ಹೆಚ್ಚಾದರೆ ಹಸಿರೆಲೆ ಹೆಚ್ಚು, ಬಣ್ಣ ಕಡಿಮೆ.

ಹಗಲಿನ ಬೆಳಕಾಯಿತು, ರಾತ್ರಿಯ ಕತ್ತಲೆಯೂ ಮುಖ್ಯ. ಸೇವಂತಿಗೆಯನ್ನು ಬೀದಿದೀಪದ ಕೆಳಗೆ ಇಟ್ಟರೆ ಸೊಂಪಾಗಿ ಬೆಳೆದರೂ ಮೊಗ್ಗು ಬಿಡಲು ಹಿಂದೇಟು ಹಾಕುತ್ತದೆ. ಅದಕ್ಕೆ ಉದ್ದನೆಯ, ಕಡಿಯದ ಕತ್ತಲೆ ಬೇಕು. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಬೇಸಿಗೆಯಲ್ಲಿ ಹೂ ಬಿಡಲು ಒಪ್ಪದ ಒಂದು ತಂಬಾಕು ತಳಿಯ ಹಿಂದೆ ಬಿದ್ದು, ಗಿಡಗಳು ಹಗಲು-ರಾತ್ರಿಯ ಉದ್ದವನ್ನು ಅಳೆಯುತ್ತವೆಂದು 1920ರಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ನಮಗೆ ಅದು ಅಷ್ಟಾಗಿ ಗೊತ್ತೇ ಆಗುವುದಿಲ್ಲ, ಸೇವಂತಿಗೆಗೆ ಗೊತ್ತಾಗುತ್ತದೆ. ಹೂ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ಹಬ್ಬದ ಹೊತ್ತಿಗೆ ಹೂ ಸಿಗಬೇಕೆಂದರೆ ಹೊಲದಲ್ಲಿ ಸಾಲಾಗಿ ಬಲ್ಬು ಕಟ್ಟಿ ರಾತ್ರಿ ಉರಿಸಿ, ಮೊಗ್ಗನ್ನು ತಮಗೆ ಬೇಕಾದಷ್ಟು ದಿನ ಮುಂದೂಡುತ್ತಾರೆ. ನಿಮ್ಮ ಪಾಟು ವರಾಂಡದ ದೀಪದ ಕೆಳಗಿದ್ದರೆ ಹಿತ್ತಲಿಗೆ ಸಾಗಿಸಿ.

ಮರ ನೆಡುವ ಆಸೆ ಯಾರಿಗಿಲ್ಲ? ಆದರೆ ಮರದ ವಿಷಯದಲ್ಲಿ ಆತುರ ಬೇಡ. ಮರ ಮೇಲೆ ಎಷ್ಟು ಎತ್ತರವೋ ಬೇರು ಕೆಳಗೆ ಅಷ್ಟೇ ಆಳ ಎಂದು ಚಿತ್ರಗಳಲ್ಲಿ ಬಿಡಿಸುತ್ತಾರೆ. ಹಾಗಿರುವುದಿಲ್ಲ. ಬೇರಿಗೂ ಉಸಿರಾಡಲು ಗಾಳಿ ಬೇಕು, ಗಾಳಿ ಇರುವುದು ಮೇಲಿನ ಮಣ್ಣಿನಲ್ಲಿ. ಬಹುಪಾಲು ಬೇರುಗಳು ಮೇಲಿನ ಎರಡು ಮೂರು ಅಡಿಯಲ್ಲೇ ಇದ್ದು, ಕೊಂಬೆಗಳ ನೆರಳನ್ನೂ ದಾಟಿ ಅಡ್ಡಡ್ಡ ಹರಡುತ್ತವೆ. ಬುಡದವರೆಗೂ ಸಿಮೆಂಟು ಬಳಿದ ಮರಗಳು ಸೊರಗುವುದು ಇದಕ್ಕೇ.

ಹೀಗಾಗಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ಗುಲ್‌ಮೊಹರ್ ತರುವುದು ಬೇಡ. ಮಡಗಾಸ್ಕರ್ ದ್ವೀಪದ ಈ ಮರ ಕೊಡೆಯಂತೆ ಅಗಲವಾಗಿ ಹರಡುತ್ತದೆ, ಬೇರು ಮೇಲ್ಮೇಲೆ, ಗಾಳಿಮಳೆಗೆ ಕೊಂಬೆ ಮುರಿಯುವುದೂ ಉಂಟು. ಅದು ಶಾಲೆಯ ಮೈದಾನದಲ್ಲಿ ಇರಲಿ. ಬಿದ್ದ ಹೂವನ್ನು ಎತ್ತಿಕೊಂಡು ಐದು ಎಸಳುಗಳಲ್ಲಿ ಒಂದು ಮಾತ್ರ ಬಿಳಿ-ಹಳದಿ ಚುಕ್ಕೆಯದ್ದು ಏಕೆಂದು ಅಲ್ಲೇ ಯೋಚಿಸಿ. ನಾಗಲಿಂಗ ಪುಷ್ಪದ ಮರವೂ ಮನೆಗಲ್ಲ. ಹೂವೇನೋ ಅದ್ಭುತ, ಆದರೆ ತಲೆಯ ಗಾತ್ರದ ಕಾಯಿ ಮೇಲಿನಿಂದ ಬೀಳುವಾಗ ಕೆಳಗೆ ಅಪ್ಪನ ಸ್ಕೂಟರ್ ನಿಂತಿರುತ್ತದೆ.

ಚಿಕ್ಕ ಜಾಗಕ್ಕೆ ಪಾರಿಜಾತ, ಬಿಳಿ ಮಂದಾರ, ದೇವಕಣಗಿಲೆ ಸಾಕು, ಗೋಡೆಯಿಂದ ಎಂಟು-ಹತ್ತು ಅಡಿ ಬಿಟ್ಟು. ಸಂಪಿಗೆ ಬೇಕೆನ್ನುವವರು ಕಸಿ ಗಿಡ ಕೇಳಿ ತನ್ನಿ. ಎರಡು ಮೂರು ವರ್ಷಕ್ಕೇ ಹೂ ಬರುತ್ತದೆ. ಬೀಜದಿಂದ ಬಂದದ್ದು ಬಹಳ ಕಾಯಿಸುತ್ತದೆ, ಆಮೇಲೆ ಮಹಡಿ ಮೀರಿ ಬೆಳೆಯುತ್ತದೆ. ಇನ್ನಷ್ಟು ಜಾಗ ಇದ್ದವರಿಗೆ ನನ್ನ ಆಯ್ಕೆ ಕಕ್ಕೆ. ಏಪ್ರಿಲ್-ಮೇ ತಿಂಗಳಲ್ಲಿ ಎಲೆ ಉದುರಿಸಿ, ಹಳದಿ ಗೊಂಚಲುಗಳನ್ನು ಜೋಲಿಬಿಟ್ಟು ನಿಲ್ಲುತ್ತದೆ. ಎಲೆಯ ಮರೆ ಇಲ್ಲದ ಹೂ ದೂರದ ದುಂಬಿಗೂ ಕಾಣುತ್ತದೆ.

ಕಕ್ಕೆ ಹೂವಿನಲ್ಲಿ ಮಕರಂದ ಇಲ್ಲ. ಹಾಗೆಂದು ಅದು ದೇವಕಣಗಿಲೆಯ ಹಾಗೆ ಮೋಸ ಮಾಡುವುದಿಲ್ಲ, ಪರಾಗವನ್ನೇ ಬಡಿಸುತ್ತದೆ. ಒಂದು ಹೂ ಬಿಡಿಸಿ ಕೇಸರಗಳನ್ನು ಎಣಿಸಿ, ಹತ್ತು ಸಿಗುತ್ತವೆ. ಆದರೆ ಹತ್ತೂ ಒಂದೇ ಅಳತೆಯವಲ್ಲ. ಮೂರು ಕೊಕ್ಕೆಯಂತೆ ಬಾಗಿ ಉದ್ದವಾಗಿವೆ, ಉಳಿದವು ಗಿಡ್ಡ. ದೊಡ್ಡ ಬಡಗಿ ದುಂಬಿ ಬಂದು ಗಿಡ್ಡ ಕೇಸರಗಳನ್ನು ಅಪ್ಪಿಕೊಂಡು ಝುಂಯ್ ಎಂದು ಮೈ ನಡುಗಿಸುತ್ತದೆ, ಆ ನಡುಕಕ್ಕೆ ಪರಾಗ ಉದುರುತ್ತದೆ. ಅದು ದುಂಬಿಯ ಪಾಲು. ಅಷ್ಟರಲ್ಲಿ ಉದ್ದ ಕೇಸರಗಳು ದುಂಬಿಯ ಮೈಯಲ್ಲಿ ಅದಕ್ಕೆ ಸುಲಭವಾಗಿ ಎಟುಕದ ಕಡೆ ಪರಾಗ ಮೆತ್ತಿರುತ್ತವೆ. ಅದು ಮುಂದಿನ ಹೂವಿನ ಪಾಲು.

ಈಗ ಕಾಲದ ಲೆಕ್ಕ. ಜರ್ಮನಿಯಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ಸಸ್ಯತಜ್ಞರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗ್ ನೋಡಿಕೊಂಡರು. ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಅವರು, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗಬೇಕು, ಊರಿನಲ್ಲಿ ಹೂವಿಲ್ಲದ ತಿಂಗಳೇ ಇರಬಾರದು ಎಂದು ಯೋಚಿಸಿದರು. ವರ್ಷದ ಶುರುವಿನಲ್ಲಿ ಟಬೆಬುಯಾ, ಮಾರ್ಚ್ ಸುಮಾರಿಗೆ ಜಕರಂಡದ ನೀಲಿ, ಆಮೇಲೆ ಗುಲ್‌ಮೊಹರ್, ಹೊಳೆದಾಸವಾಳ, ಮಳೆ ತಗ್ಗಿದ ಮೇಲೆ ಆಕಾಶಮಲ್ಲಿಗೆ. ಬೆಂಗಳೂರಿನ ಮಕ್ಕಳು ಇಂದಿಗೂ ಈ ಸರದಿಯನ್ನು ರಸ್ತೆಯಲ್ಲೇ ನೋಡಬಹುದು. ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ.

ಅವರಿಗೆ ಇದ್ದದ್ದು ಊರಿನ ಅಂದದ ಯೋಚನೆ. ನಾವು ಅದಕ್ಕೆ ಅತಿಥಿಯ ಹೊಟ್ಟೆಯನ್ನೂ ಸೇರಿಸೋಣ. ಸೂರಕ್ಕಿಗೆ ದಿನವೂ ಹಸಿವು. ಏಪ್ರಿಲಿನಲ್ಲಿ ಔತಣ ಕೊಟ್ಟು ಜುಲೈನಲ್ಲಿ ಬಾಗಿಲು ಹಾಕಿದರೆ ಅದು ಬೇರೆ ಮನೆ ನೋಡಿಕೊಳ್ಳುತ್ತದೆ. ನೋಟುಬುಕ್ಕಿನಲ್ಲಿ ಹನ್ನೆರಡು ತಿಂಗಳ ಹೆಸರು ಬರೆದು, ನಿಮ್ಮಲ್ಲಿರುವ ಗಿಡಗಳು ಯಾವ ತಿಂಗಳು ಹೂ ಬಿಡುತ್ತವೆಂದು ತುಂಬಿಸಿ. ದಾಸವಾಳ, ಸದಾಪುಷ್ಪ ಹೆಚ್ಚುಕಡಿಮೆ ಎಲ್ಲ ಸಾಲಿನಲ್ಲೂ ಬರುತ್ತವೆ. ಬೇಸಿಗೆಗೆ ದುಂಡುಮಲ್ಲಿಗೆ, ಮಳೆಗಾಲಕ್ಕೆ ಗೌರಿಹೂ, ಆಯುಧಪೂಜೆಯ ಹೊತ್ತಿಗೆ ಚೆಂಡುಹೂ ಮತ್ತು ಪಾರಿಜಾತ, ಚಳಿಗೆ ಸೇವಂತಿಗೆ, ಗೋರಂಟೆ. ಯಾವ ತಿಂಗಳು ಖಾಲಿ ಉಳಿಯಿತೋ ಆ ತಿಂಗಳ ಗಿಡವನ್ನು ನರ್ಸರಿಯಲ್ಲಿ ಕೇಳಿ. ಹೀಗೆ ಪಟ್ಟಿ ಹಿಡಿದು ಬರುವ ಗಿರಾಕಿಯನ್ನು ಅವರು ಸುಲಭಕ್ಕೆ ಮರೆಯುವುದಿಲ್ಲ.

ಕೊಳ್ಳಬಾರದ ಗಿಡಗಳೂ ಇವೆ. ಲಂಟಾನ ನಮ್ಮ ದೇಶಕ್ಕೆ ಬಂದದ್ದೇ ತೋಟದ ಅಲಂಕಾರಕ್ಕೆಂದು, 1800ರ ದಶಕದ ಆರಂಭದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ. ಹೂವು ನಿಜಕ್ಕೂ ಸೊಗಸು. ಒಂದೇ ಗೊಂಚಲಿನಲ್ಲಿ ಹೊಸ ಹೂ ಹಳದಿ, ಹಳೆಯದು ಕೆಂಪೋ ಗುಲಾಬಿಯೋ. ಚಿಟ್ಟೆಗಳು ಹಳದಿಗೇ ಹೆಚ್ಚು ಹೋಗುತ್ತವೆ, ಏಕೆಂದರೆ ಮಕರಂದ ಇರುವುದು ಅದರಲ್ಲಿ. ತೊಂದರೆ ಆಮೇಲೆ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿನ ತುಂಬ ಹಾಕಿದವು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಪೊದೆಗಳ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ಜಿಂಕೆಗೆ, ಕಾಟಿಗೆ, ಆನೆಗೆ ಮೇವು ಕಡಿಮೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯಲು ಕಲಿತಿದ್ದಾರೆ, ಆದರೂ ಮುಗಿಯುವಷ್ಟಲ್ಲ. ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರವೂ ಹೀಗೆಯೇ ಕಾಡು ಹೊಕ್ಕಿದೆ. ನೋಡಲು ಕಕ್ಕೆಯ ಹಾಗಿದೆ, ಆದರೆ ಕಕ್ಕೆಯ ಗೊಂಚಲು ಕೆಳಗೆ ಜೋಲುತ್ತದೆ, ಇದರದು ಮೇಲಕ್ಕೆ ನಿಂತಿರುತ್ತದೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ಹೇಳುತ್ತಿಲ್ಲ. ಚೆಂಡುಹೂ, ಸಂಜೆಮಲ್ಲಿಗೆ, ದೇವಕಣಗಿಲೆ ಮೂರೂ ಅಮೆರಿಕ ಖಂಡದವು, ಸದಾಪುಷ್ಪ ಮಡಗಾಸ್ಕರಿನದು. ಸದಾಪುಷ್ಪದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಬಂದಿದೆ. ಕೇಳಬೇಕಾದ ಪ್ರಶ್ನೆ, ಇದರ ಬೀಜ ನಮ್ಮ ಬೇಲಿಯೊಳಗೆ ಉಳಿಯುತ್ತದೆಯೇ ಎಂಬುದು. ಕಾಡಂಚಿನ ಊರಿನವರು ಈ ಪ್ರಶ್ನೆಯನ್ನು ಎರಡು ಸಲ ಕೇಳಬೇಕು.

ಔಷಧಿ ಎಂದ ಕೂಡಲೇ ಸದಾಪುಷ್ಪದ ಎಲೆ ಜಗಿಯಲು ಹೋಗಬೇಡಿ. ಹಾಗೇ ತಿಂದರೆ ಅದು ವಿಷ. ಕಣಗಿಲೆ, ಹಳದಿ ಕಣಗಿಲೆಗಳಂತೂ ಹೂ, ಎಲೆ, ಬೀಜ, ಹಾಲು ಎಲ್ಲವೂ ವಿಷ, ನೇರ ಹೃದಯಕ್ಕೇ ತಾಗುವಂಥದು. ಅಂಬೆಗಾಲಿಡುವ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಸದ್ಯಕ್ಕೆ ಕಣಗಿಲೆ ಬೇಡ ಎಂದು ನೀವೇ ಹೇಳಿ.

ಎಲ್ಲ ಗೊತ್ತಾಯಿತು, ನರ್ಸರಿಯಲ್ಲಿ ನಿಂತಿದ್ದೀರಿ. ಮೈತುಂಬ ಹೂ ಬಿಟ್ಟ ಗಿಡ ಕರೆಯುತ್ತಿದೆ. ಅದರ ಪಕ್ಕದ, ಮೊಗ್ಗಷ್ಟೇ ಇರುವ ಗಿಡ ತೆಗೆದುಕೊಳ್ಳಿ. ಹೂವಿಗೆ ಶಕ್ತಿಯೆಲ್ಲ ಸುರಿದ ಗಿಡಕ್ಕೆ ಹೊಸ ಮಣ್ಣಿನಲ್ಲಿ ಬೇರು ಬಿಡುವುದು ಕಷ್ಟ. ಚೀಲದ ತಳ ನೋಡಿ. ಬೇರು ಒಳಗೊಳಗೇ ಸುರುಳಿ ಸುತ್ತಿ ಗಟ್ಟಿಯಾಗಿದ್ದರೆ, ಅದರಲ್ಲೂ ಮರದ ಸಸಿಯಾದರೆ, ಬಿಟ್ಟುಬಿಡಿ. ನೆಲದಲ್ಲಿ ನೆಟ್ಟ ಮೇಲೂ ಆ ಬೇರು ಸುತ್ತುತ್ತಲೇ ಇದ್ದು, ಮುಂದೊಂದು ದಿನ ತನ್ನ ಕಾಂಡವನ್ನೇ ಬಿಗಿಯುತ್ತದೆ. ಎಲೆಯ ಅಡಿಯಲ್ಲಿ ಬಿಳಿ ಹತ್ತಿಯಂಥದು ಇದ್ದರೆ ಅದು ಹಿಟ್ಟು ತಿಗಣೆ, ಅದೂ ಬೇಡ.

ಕನಕಾಂಬರಕ್ಕೆ ಮಾತ್ರ ದುಡ್ಡು ಕೊಡಬೇಡಿ. ಪಕ್ಕದ ಮನೆಯವರನ್ನು ಕೇಳಿ ಒಣಗಿ ಕಂದಾದ ಒಂದು ತೆನೆ ತನ್ನಿ. ಅಗಲವಾದ ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಚಿಮುಕಿಸಿ, ಸ್ವಲ್ಪ ಹಿಂದೆ ಸರಿದು ಕಾಯಿರಿ. ಒಣಗಿದ ಕಾಯಿಯ ಗೋಡೆ ಬಿಗಿ ಹಿಡಿದಿರುತ್ತದೆ. ನೀರು ತಾಗಿದಾಗ ಅಂಟು ಬಿಟ್ಟು ಪಟ್ಟನೆ ಸೀಳುತ್ತದೆ, ಬೀಜ ಸಿಡಿದು ದೂರ ಹಾರುತ್ತದೆ. ಮಳೆ ಬಂದಾಗಲೇ ಬೀಜ ಬಿತ್ತಲು ಅದು ಕಂಡುಕೊಂಡ ಉಪಾಯ. ಯಾವ ಬೀಜ ಎಷ್ಟು ದೂರ ಹೋಯಿತೆಂದು ಸ್ಕೇಲು ಹಿಡಿದು ಅಳೆದು, ಆರಿಸಿ ತಂದು, ಅರೆ ನೆರಳಿರುವ ಕಡೆ ಬಿತ್ತಿ. ಮಂಚದ ಕೆಳಗೆ ಹೋದವನ್ನು ಹುಡುಕಲು ಮರೆಯಬೇಡಿ.